ಚೀನದೇಶದ ರಾಜಾಜ್ಞಾವಾಚಕ ಶಬ್ದಗಳು

ಚೀನದೇಶದ ಇತಿಹಾಸಗ್ರಂಥಗಳನ್ನಾಗಲಿ ಅಲ್ಲಿಯ ಬೌದ್ಧ ವಾಙ್ಮಯವನ್ನಾಗಲಿ ಭಾಷಾಂತರಗಳ ಮೂಲಕ ಓದುವವರಿಗೆ 'ಚಕ್ರವರ್ತಿಯ ಆಜ್ಞೆಯಾಯಿತು' ಎಂಬ ಮಾತು ಹೆಜ್ಜೆಹೆಜ್ಜೆಗೂ ಎದುರಾಗುತ್ತದೆ. ಮೂಲದಲ್ಲಾದರೋ ಆ ಸ್ಥಳಗಳಲ್ಲೆಲ್ಲ ಒಂದೇ ಶಬ್ದವಿರುವುದಿಲ್ಲ. ಒಂದೆಡೆ 'ಮಿಂಗ್', ಇನ್ನೊಂದೆಡೆ 'ಜಾವ್', ಮತ್ತೊಂದೆಡೆ 'ಚಿ', ಹೀಗೆ ಹತ್ತಾರು ಶಬ್ದಗಳಿವೆ. ಇವು ಅಮರಕೋಶದ ಪರ್ಯಾಯಪದಗಳಂತೆ ಒಂದರ ಸ್ಥಾನದಲ್ಲಿ ಇನ್ನೊಂದು ನಿಲ್ಲತಕ್ಕವಲ್ಲ. ಆಜ್ಞಾಪಿಸುವವನಾರು, ಆಜ್ಞೆಯನ್ನು ತಲೆಯ ಮೇಲೆ ಹೊರುವವನಾರು, ಅವರಿಬ್ಬರ ನಡುವಣ ಅಂತರವೆಷ್ಟು ಎಂಬುದನ್ನು ಒಂದೊಂದು ಶಬ್ದವೂ ತಾನೇ ಹೇಳುತ್ತದೆ. ಈ ಶಬ್ದಗಳು ಹೇಗೆ ಸಿಂಹಾಸನದ ಸೊತ್ತಾದುವು, ಹಾಗೆ ಸೊತ್ತಾದುದರಿಂದಲೇ ಹೇಗೆ ಸಿಂಹಾಸನಕ್ಕೂ ಕಟ್ಟಳೆಯಾದುವು ಎಂಬುದನ್ನು ವಿಚಾರಮಾಡುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ಉಚ್ಚಾರಣೆಯ ವಿಷಯವಾಗಿ ಒಂದು ಮಾತು. ಚೀನೀ ಭಾಷೆಯಲ್ಲಿ ಸ್ವರದ ಏರಿಳಿತದಿಂದ ಅರ್ಥಭೇದವಾಗುತ್ತದೆ. ಕನ್ನಡ ಲಿಪಿಯಲ್ಲಿ ಅದನ್ನು ತೋರಿಸಲಾಗದು. ಆದುದರಿಂದ ಕನ್ನಡದಲ್ಲಿ ಒಂದೇ ರೂಪವಾಗಬಹುದಾದ ಎರಡು ಶಬ್ದಗಳಲ್ಲಿ 'ಕಟ್ಟಳೆ' ಎಂಬರ್ಥದ್ದನ್ನು 'ಜಿ' ಎಂದೂ 'ಇಂಗಿತ' ಎಂಬರ್ಥದ್ದನ್ನು 'ಜೀ' ಎಂದೂ ಇಲ್ಲಿ ಬರೆದಿದೆ. 14ನೆಯ ಶತಮಾನದಲ್ಲಿ ಪಟ್ಟಕ್ಕೆ ಬಂದ ಮಿಂಗ್ ವಂಶದ ಹೆಸರಿಗೂ ಆಜ್ಞಾವಾಚಕವಾದ 'ಮಿಂಗ್' ಶಬ್ದಕ್ಕೂ ಸಂಬಂಧವಿಲ್ಲ. ಅವುಗಳ ಅಕ್ಷರಗಳೇ ಬೇರೆ.

ಈ ಶಬ್ದಗಳಲ್ಲೆಲ್ಲ ಅತಿಪ್ರಾಚೀನವಾದುದು 'ಲಿಂಗ್'. ಷಾಂಗ್ ವಂಶದ ಕಾಲದಲ್ಲಿ ಎಲುಬುಗಳ ಮೇಲೆಯೂ ಆಮೆಯ ಚಿಪ್ಪುಗಳ ಮೇಲೆಯೂ ಕೊರೆದ ಶಕುನಲೇಖಗಳಲ್ಲಿ ಇದರ ರೂಪವನ್ನು ಕಾಣಬಹುದು. ಕೆಳಗೆ ಮಂಡಿಯೂರಿ ಕುಳಿತ ಮನುಷ್ಯ. ಅವನ ಮೇಲ್ಗಡೆ, ಕೆಲವರು ತಲೆಕೆಳಗಾದ ಬಾಯಿಯೆಂದೂ ಕೆಲವರು ಮಾಡೆಂದೂ ಅರ್ಥಮಾಡುವ ಒಂದು ಗುರುತು. ಮುಂದೆ ಜೋವ್ ವಂಶದ ಕಂಚಿನ ಪಾತ್ರೆಗಳ ಲೇಖಗಳಲ್ಲಿ ಇದೇ ಅಕ್ಷರದ ಪಕ್ಕದಲ್ಲಿ ಬಾಯಿಯ ಚಿತ್ರವೊಂದು ಸೇರಿ 'ಮಿಂಗ್' ಎಂಬ ಅಕ್ಷರ ಹುಟ್ಟಿತು. ಆಜ್ಞೆಯ ಅಕ್ಷರದಲ್ಲಿ ಸ್ಪಷ್ಟವಾಗಿ ಕಾಣುವವನು ಆಜ್ಞಾಪಿಸುವ ಅರಸನಲ್ಲ, ಬಾಗಿದ ಆಳು ಎಂಬುದು ಗಮನಾರ್ಹ.

ಈ ಕಾಲದಲ್ಲಿ 'ಮಿಂಗ್' ಎಂಬುದು ಅರಸನ ಅಪ್ಪಣೆ ಮಾತ್ರವೇ ಆಗಿರಲಿಲ್ಲ. ಅರಸನಿಗೆ ರಾಜ್ಯವನ್ನು ಕೊಟ್ಟ ದ್ಯುಲೋಕದ ಅಪ್ಪಣೆಯೂ ಮಿಂಗ್ ಆಗಿತ್ತು. 'ತಿಯೆನ್ ಮಿಂಗ್', ಅಂದರೆ ದೇವಾಜ್ಞೆಯೆಂಬ ಪ್ರಸಿದ್ಧ ಕಲ್ಪನೆ ಇಲ್ಲಿಂದಲೇ ಬಂದುದು. ಅರಸನು ಸಾಮಂತನಿಗೆ ಅಧಿಕಾರ ವಹಿಸುವ ಮಾತೂ ಅದೇ. ಸುಮಾರು 500 ಅಕ್ಷರಗಳ ದೀರ್ಘಲೇಖವಿರುವ, ಈಗ ತೈಪೆಯ ವಸ್ತುಸಂಗ್ರಹಾಲಯದಲ್ಲಿರುವ 'ಮಾವ್ ಗುಂಗ್' ಪಾತ್ರೆಯು ಇಂತಹ ಒಂದು ನಿಯೋಗದ ದಾಖಲೆಯೇ ಆಗಿದೆ. ಕಾಲಕ್ರಮದಲ್ಲಿ ಆಯುಸ್ಸು, ಅದೃಷ್ಟ ಎಂಬ ಅರ್ಥಗಳೂ ಈ ಶಬ್ದಕ್ಕೆ ಬಂದುವು. ನಮ್ಮಲ್ಲಿ ವಿಧಿಯೆಂಬುದು ಹಣೆಯ ಬರಹವಾದರೆ ಚೀನೀಯರಲ್ಲಿ ಅದು ಮೇಲಿನಿಂದ ಬಂದ ಅಪ್ಪಣೆ. ದ್ಯುಲೋಕದಿಂದ ಅರಸನಿಗೆ, ಅರಸನಿಂದ ಸಾಮಂತನಿಗೆ, ಸಾಮಂತನಿಂದ ಆಳಿಗೆ ಇಳಿದು ಬರುವ ಒಂದೇ ಧಾರೆಗೆ ಅಂದು ಒಂದೇ ಹೆಸರಿತ್ತು.

ಈ ಧಾರೆಗೆ ಅಣೆಕಟ್ಟು ಬಿದ್ದುದು ಕ್ರಿ. ಪೂ. 221ರಲ್ಲಿ. ಆ ವರ್ಷ ಚಿನ್ ದೇಶದ ಅರಸನು ಉಳಿದ ರಾಜ್ಯಗಳನ್ನೆಲ್ಲ ಗೆದ್ದು ತನಗೆ ತಕ್ಕ ಬಿರುದನ್ನು ಸೂಚಿಸುವಂತೆ ಮಂತ್ರಿಗಳಿಗೆ ಹೇಳಿದನು. ಲಿ ಸ್ಸು ಮೊದಲಾದವರು ಮಾಡಿದ ಬಿನ್ನಪವನ್ನು ಇತಿಹಾಸಕಾರನಾದ ಸ್ಸುಮಾ ಚಿಯೆನ್ನನು ತನ್ನ 'ಷಿ ಜಿ' ಗ್ರಂಥದಲ್ಲಿ ದಾಖಲೆಮಾಡಿದ್ದಾನೆ. ಅದರಂತೆ ಅರಸನ ಮಿಂಗ್ ಇನ್ನು ಮುಂದೆ 'ಜಿ' ಎನಿಸಿಕೊಳ್ಳತಕ್ಕುದು. ಅವನ ಲಿಂಗ್ 'ಜಾವ್' ಎನಿಸಿಕೊಳ್ಳತಕ್ಕುದು. ಅವನು ತನ್ನನ್ನು 'ಜೆನ್' ಎಂದು ಕರೆದುಕೊಳ್ಳತಕ್ಕುದು. ಈ 'ಜೆನ್' ಹೊಸ ಶಬ್ದವಾಗಿರಲಿಲ್ಲ. 'ನಾನು' ಎಂಬರ್ಥದಲ್ಲಿ ಯಾರು ಬೇಕಾದರೂ ಆಡುತ್ತಿದ್ದ ಮಾತು. ಕವಿ ಚ್ಯೂ ಯುವಾನನು 'ಲಿ ಸಾವ್' ಕಾವ್ಯದಲ್ಲಿ ತನ್ನ ವಿಷಯವಾಗಿ ಅದನ್ನೇ ಬಳಸಿದ್ದಾನೆ. 221ರ ತರುವಾಯ ಆ ಸರ್ವನಾಮವನ್ನು ಇನ್ನಾರೂ ಆಡುವಂತಿರಲಿಲ್ಲ. ಭೂಮಿಯನ್ನು ಗೆದ್ದವನು ಭಾಷೆಯಿಂದಲೂ ಕಪ್ಪವನ್ನೆತ್ತಿದನೆಂದು ಹೇಳಬಹುದು. 'ಲಿಂಗ್' ಶಬ್ದವು ರಾಜಕುಮಾರರ ಅಪ್ಪಣೆಗೂ ಕಾಯಿದೆಗಳಿಗೂ ಉಳಿಯಿತು.

ಹಾನ್ ವಂಶದವರು ಚಿನ್ನರ ಕ್ರೌರ್ಯವನ್ನು ಹಳಿದರೂ ಅವರ ಶಬ್ದಗಳನ್ನು ಬಿಡಲಿಲ್ಲ. 2ನೆಯ ಶತಮಾನದ ವಿದ್ವಾಂಸನಾದ ತ್ಸಾಯ್ ಯುಂಗನು 'ದು ದ್ವಾನ್' ಎಂಬ ಕೃತಿಯಲ್ಲಿ ಚಕ್ರವರ್ತಿಯ ಮಾತುಗಳನ್ನು ನಾಲ್ಕಾಗಿ ವಿಂಗಡಿಸಿದ್ದಾನೆ: ಸಾಮಂತರನ್ನೂ ಮಹಾಮಂತ್ರಿಗಳನ್ನೂ ನಿಯಮಿಸುವ 'ತ್ಸೆ', ವ್ಯವಸ್ಥೆಗಳನ್ನು ವಿಧಿಸುವ 'ಜಿ', ಅಧಿಕಾರಿಗಳಿಗೆ ತಿಳಿಯಪಡಿಸುವ 'ಜಾವ್', ಪ್ರಾಂತಾಧಿಪತಿಗಳನ್ನೂ ಗಡಿಯ ದಂಡನಾಯಕರನ್ನೂ ಎಚ್ಚರಿಸುವ 'ಜಿಯೆ ಚಿ'. 'ತ್ಸೆ' ಎಂಬುದಕ್ಕೆ ಹೆಣೆದ ಬಿದಿರುಪಟ್ಟಿಗಳೆಂದು ಮೂಲಾರ್ಥ. ಆ ಪಟ್ಟಿಗಳು ಎರಡಡಿಯ ಉದ್ದವಿರಬೇಕೆಂದು ನಿಯಮವಿದ್ದಿತು. ಆಗಿನ ಅಡಿ ಸುಮಾರು 23 ಸೆಂಟಿಮೀಟರು. ಹೀಗೆ ಹೆಸರು ಮಾತ್ರವಲ್ಲದೆ ಬರೆವ ಬಿದಿರಿನ ಅಳತೆಯೂ ಮಾತಿನ ಅಂತಸ್ತನ್ನು ತೋರಿಸುತ್ತಿತ್ತು.

ಇವುಗಳಲ್ಲಿ 'ಚಿ' ಶಬ್ದದ ಚರಿತ್ರೆ ವಿಶೇಷವಾಗಿ ಸ್ಮರಣೀಯ. ಎಚ್ಚರಿಸು, ಬುದ್ಧಿಹೇಳು ಎಂದು ಅದರ ಹಳೆಯ ಅರ್ಥ. ಹಾನರ ಕಾಲದಲ್ಲಿ ಮೇಲಧಿಕಾರಿಯು ಕೆಳಗಿನವನಿಗೆ, ತಂದೆಯು ಮಕ್ಕಳಿಗೆ ಹೇಳುವ ಮಾತೂ ಚಿ ಆಗಬಹುದಾಗಿತ್ತು. ಮುಂದಿನ ಶತಮಾನಗಳಲ್ಲಿ ಅದೂ ಚಕ್ರವರ್ತಿಗೇ ಮೀಸಲಾಯಿತು. ಅವನ ಹೊರತು ಈ ಶಬ್ದವನ್ನು ಧಾರಾಳವಾಗಿ ಬಳಸಿದವರು ತಾವ್ ಮತದ ಮಾಂತ್ರಿಕರು ಮಾತ್ರ. ಅವರ ಯಂತ್ರಪತ್ರಗಳ ಶಿರೋಭಾಗದಲ್ಲಿ 'ಚಿ ಲಿಂಗ್' ಎಂಬ ಅಕ್ಷರಗಳಿರುತ್ತವೆ. ಭೂತಗಳಿಗೂ ರಾಜಾಜ್ಞೆಯೇ ಬೇಕೆಂದು ತಾತ್ಪರ್ಯ. ಅವರ ಮಂತ್ರಗಳ ಕೊನೆಯಲ್ಲಿ ಬರುವ 'ಶಾಸನದ ವಿಧಿಯಂತೆ ಬೇಗ ನಡೆಯಲಿ' ಎಂಬರ್ಥದ ಪಲ್ಲವಿಯೂ ಹಾನ್ ಕಾಲದ ಕಚೇರಿಯ ಒಕ್ಕಣೆಯಿಂದಲೇ ಬಂದುದು. 1930ರಲ್ಲಿ ಗೋಬಿ ಮರುಭೂಮಿಯ ಅಂಚಿನ ಜ್ಯು ಯೆನ್ ಎಂಬಲ್ಲಿ ದೊರೆತ ಸುಮಾರು 10,000 ಮರದ ಪಟ್ಟಿಗಳಲ್ಲಿ, ಗಡಿಕಾವಲಿನ ಸಾಧಾರಣ ಕಾಗದಪತ್ರಗಳು ಇದೇ ಬಗೆಯ ಒಕ್ಕಣೆಯಿಂದ ಮುಗಿಯುವುದನ್ನು ಕಾಣಬಹುದು. ಗುಮಾಸ್ತರ ಮಾತು ಮಂತ್ರವಾದುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ವಿರಳ.

ತಾಂಗ್ ವಂಶದ ಕಾಲಕ್ಕೆ ಬಂದರೆ ಶಬ್ದದ ಜೊತೆಗೆ ಅದು ಹುಟ್ಟುವ ಕ್ರಮವೂ ಸ್ಥಿರಪಟ್ಟಿತು. ಒಂದು ಇಲಾಖೆ ಆಜ್ಞೆಯ ಕರಡನ್ನು ಬರೆಯಬೇಕು; ಇನ್ನೊಂದು ಅದನ್ನು ಪರಿಶೀಲಿಸಬೇಕು, ಸರಿದೋರದಿದ್ದರೆ ಹಿಂದಿರುಗಿಸಬಹುದು. ಈ ಎರಡನ್ನೂ ದಾಟಿ ಬಂದುದೇ ಆಜ್ಞೆ. ಈ ಕ್ರಮವು ಬರಿಯ ಕಾಗದದ ಕಟ್ಟಳೆಯಲ್ಲವೆಂಬುದು 687ರ ಒಂದು ಪ್ರಸಂಗದಿಂದ ವಿಶದವಾಗುತ್ತದೆ. ಆಗ ಮಗನ ಹೆಸರಿನಲ್ಲಿ ರಾಜ್ಯವಾಳುತ್ತಿದ್ದವಳು ರಾಜಮಾತೆ ವೂ. ಮಂತ್ರಿಯೂ ಪ್ರಸಿದ್ಧ ಬರಹಗಾರನೂ ಆದ ಲಿಯು ಯೀಜಿ ಎಂಬವನು, ಅಧಿಕಾರವನ್ನು ಮಗನಿಗೆ ಒಪ್ಪಿಸುವುದು ಲೇಸೆಂದು ಏಕಾಂತದಲ್ಲಿ ಆಡಿದ ಮಾತು ಅವಳ ಕಿವಿಗೆ ಬಿದ್ದಿತು. ಬೇರೆ ಆರೋಪಗಳ ಮೇಲೆ ಅವನನ್ನು ವಿಚಾರಿಸಲು ಅಧಿಕಾರಿಯೊಬ್ಬನು ಬಂದು ಅವಳ 'ಚಿ'ಯನ್ನು ಓದಿ ತೋರಿಸಿದನು. ಕರಡಿನ ಇಲಾಖೆಯನ್ನೂ ಪರಿಶೀಲನೆಯ ಇಲಾಖೆಯನ್ನೂ ಹಾದುಬಾರದ ಕಾಗದವನ್ನು ಚಿ ಎಂದು ಹೇಗೆ ಕರೆಯುವುದೆಂದು ಲಿಯು ಯೀಜಿ ಕೇಳಿದನು. ರಾಜದೂತನನ್ನು ಪ್ರತಿಭಟಿಸಿದನೆಂದು ರಾಜಮಾತೆ ಕೆರಳಿದಳು. ಅವನು ತನ್ನ ಮನೆಯಲ್ಲಿಯೇ ಆತ್ಮಹತ್ಯೆಮಾಡಿಕೊಳ್ಳುವಂತೆ ವಿಧಿಸಲಾಯಿತು.

ಒಂದು ಶಬ್ದದ ಲಕ್ಷಣವನ್ನು ಎತ್ತಿಹಿಡಿದು ಪ್ರಾಣಕೊಟ್ಟವನೆಂದು ಇವನನ್ನು ಹೇಳಬೇಕು. ಆದರೆ ಅವನ ಪ್ರಶ್ನೆಯಲ್ಲಿ ಇಡೀ ವ್ಯವಸ್ಥೆಯ ಗುಟ್ಟು ಅಡಗಿದೆ. ಅರಸನ ಬಾಯಿಂದ ಬಂದುದೆಲ್ಲ ಆಜ್ಞೆಯೇ ಆಗಿದ್ದರೆ ಅದಕ್ಕೆ ವಿಶೇಷವಾದ ಹೆಸರು ಬೇಕಿರಲಿಲ್ಲ. ಹೆಸರೊಂದು ಏರ್ಪಟ್ಟ ಮೇಲೆ ಅದಕ್ಕೊಂದು ಲಕ್ಷಣವೂ ಏರ್ಪಡುತ್ತದೆ. ಲಕ್ಷಣವೇರ್ಪಟ್ಟ ಮೇಲೆ, ಅದಿಲ್ಲದ ಮಾತು ಆಜ್ಞೆಯಲ್ಲವೆನ್ನಲು ಪ್ರಜೆಗೆ ಅವಕಾಶವಾಗುತ್ತದೆ. ಪ್ರಜೆಯ ನಾಲಗೆಯಿಂದ ಕಸಿದುಕೊಂಡ ಶಬ್ದವೇ ಅರಸನ ನಾಲಗೆಗೆ ಕಡಿವಾಣವಾಯಿತು.

ಅದೇ ವೂ 689ರ ಕೊನೆಯಲ್ಲಿ ತನಗಾಗಿ ಹೊಸದೊಂದು ಅಕ್ಷರವನ್ನು ಅಂಗೀಕರಿಸಿದಳು. ಶೂನ್ಯಾಕಾಶದ ಮೇಲೆ ಸೂರ್ಯಚಂದ್ರರಿರುವ ಆ ಅಕ್ಷರವನ್ನು 'ಜಾವ್' ಎಂದು ಓದಬೇಕು. ರಾಜನಾಮದ ಧ್ವನಿಯನ್ನು ಇತರ ಶಬ್ದಗಳಲ್ಲಿ ಆಡಬಾರದೆಂಬ ನಿಷೇಧವಿದ್ದುದರಿಂದ ರಾಜಾಜ್ಞೆಗೆ ಇದ್ದ 'ಜಾವ್' ಎಂಬ ಹೆಸರನ್ನು ತೆಗೆದು 'ಜಿ' ಎಂದು ಬದಲಾಯಿಸಲಾಯಿತು. ಮರುವರ್ಷ ಅವಳು ತಾನೇ ಪಟ್ಟವೇರಿದಳು. ಈ ಬದಲಾವಣೆಯ ಗುರುತು ಸಂಸ್ಕೃತಾಭ್ಯಾಸಿಗಳಿಗೂ ಸಿಕ್ಕುತ್ತದೆ. ಇಮ್ಮಡಿ ಪುಲಕೇಶಿಯ ರಾಜ್ಯವನ್ನು ಸಂದರ್ಶಿಸಿ ನಮ್ಮ ಚರಿತ್ರೆಗೆ ಮಹೋಪಕಾರ ಮಾಡಿದ ಹ್ಯೂಯೆನ್ ತ್ಸಾಂಗನ 646ರ ಪ್ರವಾಸಗ್ರಂಥದಲ್ಲಿಯೂ ಅವನ ಸೂತ್ರಾನುವಾದಗಳಲ್ಲಿಯೂ ಅವನ ಹೆಸರಿನೊಡನೆ 'ಫೆಂಗ್ ಜಾವ್ ಯಿ', ಜಾವನ್ನು ಶಿರಸಾವಹಿಸಿ ಅನುವಾದಿಸಿದುದು, ಎಂಬ ಮಾತಿದೆ. ಇತ್ಸಿಂಗನು 703ರಲ್ಲಿ ಮುಗಿಸಿದ ಸುವರ್ಣಪ್ರಭಾಸಸೂತ್ರದ ಅನುವಾದದಲ್ಲಾದರೋ ಅದೇ ಸ್ಥಾನದಲ್ಲಿ 'ಫೆಂಗ್ ಜಿ ಯಿ' ಎಂದಿದೆ. ಎರಡು ಕಡೆಯೂ ರಾಜಾಜ್ಞೆಯ ಅಕ್ಷರದ ಮುಂದೆ ಗೌರವಾರ್ಥವಾಗಿ ಒಂದಕ್ಷರದ ಜಾಗವನ್ನು ಬರಿದಾಗಿ ಬಿಡುವುದು ರೂಢಿ. 8ನೆಯ ಶತಮಾನದ ಮೊದಲರ್ಧದಲ್ಲಿ ಸಿದ್ಧವಾದ ತಾಂಗ್ ವಂಶದ ಆಡಳಿತಗ್ರಂಥವು ರಾಜವಾಕ್ಯದಲ್ಲಿ ಏಳು ವಿಧಗಳನ್ನು ಹೇಳುತ್ತದೆ: ತ್ಸೆ ಒಂದು, ಜಿ ಎರಡು, ಚಿ ನಾಲ್ಕು. ಜಾವ್ ಆ ಪಟ್ಟಿಯಲ್ಲಿಲ್ಲ. ವೂ 705ರಲ್ಲಿಯೇ ತೀರಿಕೊಂಡಿದ್ದರೂ ಅವಳ ಹೆಸರಿನ ನೆರಳು ಹಾಗೆ ಉಳಿದಿತ್ತು.

ಸಾಹಿತ್ಯದ ಅಧ್ಯಾಪಕರಿಗೆ ಇಲ್ಲಿ ಇನ್ನೊಂದು ಕುತೂಹಲವುಂಟು. ಚೀನದಲ್ಲಿ ರಾಜಾಜ್ಞೆಯು ಒಂದು ಸಾಹಿತ್ಯಪ್ರಕಾರ. ಸುಮಾರು ಕ್ರಿ. ಶ. 500ರಲ್ಲಿ ಲಿಯು ಷ್ಯೆ ಬರೆದ 'ವೆನ್ ಷಿನ್ ದ್ಯಾವ್ ಲುಂಗ್' ಎಂಬ ಕಾವ್ಯಮೀಮಾಂಸೆಯ 19ನೆಯ ಪ್ರಕರಣಕ್ಕೆ 'ಜಾವ್ ತ್ಸೆ' ಎಂದೇ ಹೆಸರು. ಆಜ್ಞೆಯನ್ನು ಬರೆಯುತ್ತಿದ್ದವರು ಸಾಮಾನ್ಯರಲ್ಲ. ತಾಂಗ್ ಕಾಲದ ಬಾಯ್ ಜ್ಯುಯಿ, ಸುಂಗ್ ಕಾಲದ ಸು ಷಿ ಮೊದಲಾದ ಮಹಾಕವಿಗಳು ಈ ಕೆಲಸ ಮಾಡಿದವರು. ಅರಸನು ತನ್ನ ತಪ್ಪನ್ನು ತಾನೇ ಒಪ್ಪಿಕೊಳ್ಳುವ 'ಆತ್ಮದೂಷಣದ ಜಾವ್' ಎಂಬ ಒಂದು ಬಗೆಯೂ ಉಂಟು. 784ರಲ್ಲಿ ದಂಗೆಯಿಂದ ರಾಜಧಾನಿಯನ್ನು ಬಿಟ್ಟೋಡಿದ್ದ ತಾಂಗ್ ದೆ ಜುಂಗನು ಹೊರಡಿಸಿದ ಅಂತಹ ಪತ್ರವನ್ನು ಕೇಳಿ ಸೈನಿಕರು ಕಣ್ಣೀರಿಟ್ಟರೆಂದು ಇತಿಹಾಸವು ಹೇಳುತ್ತದೆ. ಅದನ್ನು ಬರೆದವನು ಲು ಜಿ ಎಂಬ ಪಂಡಿತ. ಪಶ್ಚಾತ್ತಾಪ ಅರಸನದು, ವಾಕ್ಯ ಪಂಡಿತನದು. 'ಜೆನ್' ಎಂಬ ಸರ್ವನಾಮದ ಹಿಂದೆ ಇಬ್ಬರಿದ್ದರು.

ಮಂಗೋಲರ ಯುವಾನ್ ವಂಶದಲ್ಲಿ 'ಷೆಂಗ್ ಜೀ' ಎಂಬುದು ಪ್ರಧಾನವಾಯಿತು. 'ಜೀ' ಎಂಬುದಕ್ಕೆ ಮೊದಲು ರುಚಿಕರವಾದುದೆಂದು ಅರ್ಥ. ಆಮೇಲೆ ಸಾರ, ಇಂಗಿತ, ಮನೋಗತ. ಕೊನೆಗೆ ಚಕ್ರವರ್ತಿಯ ಮನೋಗತ. ಹೀಗೆ 'ಷೆಂಗ್ ಜೀ' ಎಂದರೆ ಪವಿತ್ರವಾದ ಇಂಗಿತ. ಮಂಗೋಲರು ತಮ್ಮ ಭಾಷೆಯಲ್ಲಿ ಖಾನನ ಮಾತನ್ನು 'ಜರ್ಲಿಗ್' ಎಂದೂ ರಾಜಕುಮಾರರ ಮಾತನ್ನು 'ಉಗೆ', ಎಂದರೆ ಬರಿಯ 'ಮಾತು', ಎಂದೂ ಬೇರ್ಪಡಿಸಿದ್ದರು. ಚೀನೀ ಭಾಷೆಯಲ್ಲಿ ಅದು ಮತ್ತಷ್ಟು ಕವಲೊಡೆಯಿತು: ಚಕ್ರವರ್ತಿಯದು ಷೆಂಗ್ ಜೀ, ರಾಣಿಯರದು ಯಿ ಜೀ, ರಾಜಕುಮಾರರದು ಲಿಂಗ್ ಜೀ, ತಿಬೇಟದ ರಾಜಗುರುವಿನದು ಫಾ ಜೀ, ಅಂದರೆ ಧರ್ಮೇಂಗಿತ.

ಈ ಮೇರೆಗಳನ್ನು ಮೀರುವುದು ರಾಜದ್ರೋಹಕ್ಕೆ ಸಮಾನವಾಗಿತ್ತು. ಮಂಗೋಲರಿಗೆ ಅಧೀನವಾಗಿದ್ದ ಕೊರಿಯದ ಕೊರ್ಯೋ ರಾಜ್ಯದಲ್ಲಿ ಅರಸನು ತನ್ನ ಅಪ್ಪಣೆಗೆ 'ಷ್ವಾನ್ ಜೀ' ಎಂದೂ ತನಗೆ 'ಜೆನ್' ಎಂದೂ ಹೇಳಿಕೊಳ್ಳುತ್ತಿದ್ದುದನ್ನು ಮಂಗೋಲ ನಿಯೋಗಿಯು 1276ರಲ್ಲಿ ಆಕ್ಷೇಪಿಸಿದನು. ಅರಸನ ಅಪ್ಪಣೆ ಅಂದಿನಿಂದ 'ವಾಂಗ್ ಜೀ', ಮಾಂಡಲಿಕನ ಇಂಗಿತ, ಎನಿಸಿತು. ಚಕ್ರವರ್ತಿಯ ಸರ್ವನಾಮದ ಸ್ಥಾನದಲ್ಲಿ 'ಏಕಾಕಿ' ಎಂಬರ್ಥದ 'ಗು' ಬಂದಿತು. ಕಪ್ಪಕಾಣಿಕೆಗಳಂತೆ ಶಬ್ದಗಳನ್ನೂ ಒಪ್ಪಿಸಬೇಕಾಯಿತು. ಕೊರಿಯದ ಅರಸನು ಚಕ್ರವರ್ತಿಯೆಂಬ ಬಿರುದನ್ನು ಧರಿಸಿದುದು 1897ರಲ್ಲಿ.

ಮಿಂಗ್, ಚಿಂಗ್ ವಂಶಗಳ ಕಾಲದಲ್ಲಿ ಭೇದಗಳು ಇನ್ನೂ ಸೂಕ್ಷ್ಮವಾದುವು. ಐದನೆಯ ದರ್ಜೆಯವರೆಗಿನ ಮೇಲಧಿಕಾರಿಗಳಿಗೆ ಕೊಡುವ ಗೌರವಪತ್ರವು 'ಗಾವ್ ಮಿಂಗ್'. ಆರನೆಯದರಿಂದ ಕೆಳಗಿನವರದು 'ಚಿ ಮಿಂಗ್'. ಚಿಂಗ್ ಆಡಳಿತದಲ್ಲಿ ಚಕ್ರವರ್ತಿಯು ತಾನಾಗಿ ಅಪ್ಪಣೆಮಾಡಿದರೆ 'ಯೂ'. ಯಾರದಾದರೂ ಬಿನ್ನಪಕ್ಕೆ ಉತ್ತರವಾಗಿ ಮಾಡಿದರೆ 'ಜೀ'. ಇಂತಹ ನಾಡಿಗೆ ಶಬ್ದಗಳ ಈ ತಕ್ಕಡಿಯನ್ನರಿಯದ ಪಾಶ್ಚಾತ್ಯರು ಬಂದಾಗ ಏನಾಯಿತೆಂಬುದನ್ನು ನೋಡೋಣ.

1793ರಲ್ಲಿ ಬ್ರಿಟಿಷ್ ರಾಯಭಾರಿಯಾದ ಮೆಕಾರ್ಟ್ನಿಯು ಚಿಯೆನ್ ಲುಂಗ್ ಚಕ್ರವರ್ತಿಯನ್ನು ಕಂಡು ವ್ಯಾಪಾರದ ಅನುಕೂಲಗಳನ್ನು ಬೇಡಿದನು. ಮೂರನೆಯ ಜಾರ್ಜ್ ದೊರೆಗೆ ಚಕ್ರವರ್ತಿಯು ಕೊಟ್ಟ ಉತ್ತರವನ್ನು ಪತ್ರವೆಂದು ಕರೆಯುವುದುಂಟು. ಅದು ಪತ್ರವಲ್ಲ, ಅದರ ಮೊದಲ ಸಾಲೇ ಅದನ್ನು 'ಚಿ ಯೂ' ಎಂದು ಕರೆಯುತ್ತದೆ. ಬೇಡಿಕೆಗಳ ನಿರಾಕರಣೆ ಒಳಗಣ ವಾಕ್ಯಗಳಲ್ಲಿ ಆಮೇಲೆ ಬರುತ್ತದೆ. ಬ್ರಿಟನ್ನಿನ ಅರಸನು ಮಾಂಡಲಿಕನೆಂಬ ತೀರ್ಮಾನ ಆ ಎರಡು ಅಕ್ಷರಗಳಲ್ಲಿಯೇ ಮುಗಿದಿತ್ತು. ಪೆಕಿಂಗಿನಲ್ಲಿದ್ದ ಪಾದ್ರಿಗಳು ಲ್ಯಾಟಿನ್ ಅನುವಾದದಲ್ಲಿ ಧಾಟಿಯನ್ನು ಮೆತ್ತಗೆ ಮಾಡಿದ್ದರಿಂದ ಇದರ ಕಟುತ್ವ ಆಗ ಬ್ರಿಟಿಷರಿಗೆ ಪೂರ್ತಿಯಾಗಿ ತಟ್ಟಲಿಲ್ಲ.

ತಟ್ಟಿದುದು 1834ರಲ್ಲಿ. ವ್ಯಾಪಾರದ ಮೇಲ್ವಿಚಾರಕನಾಗಿ ಕ್ಯಾಂಟನ್ನಿಗೆ ಬಂದ ನೇಪಿಯರನು ಪ್ರಾಂತಾಧಿಪತಿಗೆ ನೇರವಾಗಿ ಕಾಗದ ಕೊಡಲು ಹೋದನು. ಅದರ ಮೇಲೆ 'ಬಿಂಗ್', ಅಂದರೆ ಬಿನ್ನಪ, ಎಂಬ ಅಕ್ಷರವಿರಲಿಲ್ಲ. (ಈ ಎರಡು ಶಬ್ದಗಳ ಧ್ವನಿಸಾಮ್ಯ ಕೇವಲ ಕಾಕತಾಳೀಯ.) ಕಾಗದವನ್ನು ಯಾರೂ ಮುಟ್ಟಲಿಲ್ಲ. ನೇಪಿಯರನು ಹಠಹಿಡಿದು ಕಡೆಗೆ ರೋಗಪೀಡಿತನಾಗಿ ಹಿಂದಿರುಗಿ ಅದೇ ವರ್ಷ ಅಕ್ಟೋಬರಿನಲ್ಲಿ ಮಕಾವಿನಲ್ಲಿ ಸತ್ತನು. ಬಿಂಗ್ ಬರೆದವನು ಪ್ರಜೆ. ಅದಕ್ಕೆ ಉತ್ತರವಾಗಿ ಯೂ ಕೊಡುವವನು ಒಡೆಯ. ಇದನ್ನು ಎರಡು ಕಡೆಯವರೂ ಬಲ್ಲವರಾಗಿದ್ದುದರಿಂದಲೇ ಒಂದಕ್ಷರ ಇಷ್ಟು ಭಾರವಾಯಿತು. ಅಫೀಮಿನ ಯುದ್ಧಕ್ಕೆ ಕಾರಣಗಳು ಬೇರೆ ಇದ್ದುವು; ಆದರೆ ಅದರ ಕೊನೆಯಲ್ಲಿ, 1842ರ ಆಗಸ್ಟ್ 29ರ ನಾಂಕಿಂಗ್ ಒಪ್ಪಂದದಲ್ಲಿ, ದ್ವೀಪ ದ್ರವ್ಯ ಬಂದರುಗಳ ಮಾತುಗಳ ಜೊತೆಗೆ 11ನೆಯ ವಿಧಿಯೊಂದು ಸೇರಿತು. ಎರಡು ದೇಶಗಳ ಮುಖ್ಯಾಧಿಕಾರಿಗಳು ಪರಸ್ಪರ ಬರೆಯುವ ಪತ್ರಕ್ಕೆ ಮೇಲುಕೀಳಿಲ್ಲದ 'ಜಾವ್ ಹ್ವೆಯ್' ಎಂಬ ಹೆಸರಿರಬೇಕೆಂದು ಅದು ವಿಧಿಸಿತು. (ಈ ಜಾವ್ ಬೇರೆಯ ಅಕ್ಷರ, ರಾಜಾಜ್ಞೆಯದಲ್ಲ.) ರಾಯಭಾರಪತ್ರಗಳಿಗೆ ಆ ಹೆಸರು ಇಂದಿಗೂ ನಡೆಯುತ್ತಿದೆ.

1912ರ ಫೆಬ್ರುವರಿ 12ರಂದು ಚಿಂಗ್ ವಂಶವು ಸಿಂಹಾಸನವನ್ನು ಬಿಟ್ಟುಕೊಟ್ಟಿತು. ಆ ತ್ಯಾಗವನ್ನು ಸಾರಿದುದೂ ಒಂದು 'ಜಾವ್'. ಆರು ವರ್ಷದ ಬಾಲಕ ಪು ಯಿ ಅದರಲ್ಲಿ 'ಜೆನ್' ಎಂದು ಆರಂಭಿಸಿ ರಾಜಮಾತೆ ಲುಂಗ್ ಯ್ಯೂವಿನ 'ಯಿ ಜೀ'ಯನ್ನು ಶಿರಸಾವಹಿಸಿರುವುದಾಗಿ ಹೇಳುತ್ತಾನೆ. ಕ್ರಿ. ಪೂ. 221ರಲ್ಲಿ ಪ್ರಜೆಗಳಿಂದ ತೆಗೆದುಕೊಂಡ ಸರ್ವನಾಮವನ್ನು 2,132 ವರ್ಷಗಳ ತರುವಾಯ ಒಂದು ಮಗುವಿನ ಹೆಸರಿನಲ್ಲಿ ಹಿಂದಕ್ಕೆ ಕೊಟ್ಟಂತಾಯಿತು. ಈ ಪರಿವರ್ತನೆಗೆ ಚೀನೀಯರು ಇಟ್ಟ ಹೆಸರು 'ಗೆ ಮಿಂಗ್'. ಕ್ರಾಂತಿಯೆಂದು ನಾವು ಅನುವಾದಿಸುವ ಈ ಮಾತು ಪ್ರಾಚೀನವಾದ 'ಯಿ ಜಿಂಗ್' ಗ್ರಂಥದಲ್ಲಿಯೇ ಇದೆ. 'ಮಿಂಗನ್ನು ಕಳಚುವುದು' ಎಂದು ಅದರ ಅಕ್ಷರಾರ್ಥ. ಮಂಡಿಯೂರಿದ ಮನುಷ್ಯನ ಆ ಹಳೆಯ ಅಕ್ಷರ ಅದರಲ್ಲಿ ಇನ್ನೂ ಇದೆ. 'ಷೆಂಗ್ ಜೀ' ಎಂಬುದು ಮಾತ್ರ ಈಗ ಮನೆಯ ಯಜಮಾನನ ಅಥವಾ ಯಜಮಾನಿಯ ಮೀರಲಾಗದ ಮಾತಿಗೆ ಹಾಸ್ಯವಾಗಿ ಹೇಳುವ ಮಾತಾಗಿ ಉಳಿದಿದೆ.

ಇಷ್ಟರಿಂದ ನಮ್ಮ ಭಾಷಾಂತರಕಾರರಿಗೆ ಸಿಕ್ಕುವ ಪಾಠವೇನು? ಇವೆಲ್ಲವನ್ನೂ 'ರಾಜಾಜ್ಞೆ' ಎಂದುಬಿಟ್ಟರೆ ಲಿಯು ಯೀಜಿಯ ಮರಣಕ್ಕೂ ನೇಪಿಯರನ ಹಠಕ್ಕೂ ಕಾರಣವೇ ತಿಳಿಯದೆ ಹೋಗುತ್ತದೆ. ಕನ್ನಡವು ಈ ವಿಷಯದಲ್ಲಿ ಬಡಭಾಷೆಯಲ್ಲ. ಮೇಲಿನವನು ಬೆಸಸುತ್ತಾನೆ, ಕೆಳಗಿನವನು ಬಿನ್ನವಿಸುತ್ತಾನೆ ಎಂಬ ಭೇದವು ನಮ್ಮ ಹಳಗನ್ನಡಕ್ಕೆ ಸಹಜವಾದುದೇ. ಲೋಕಕ್ಕೆಲ್ಲ ಸಾರುವ 'ಜಾವ್' ಎಂಬುದಕ್ಕೆ ಶಾಸನವೆಂದೂ, ಅಧಿಕಾರಿಗೆ ಕಳುಹುವ 'ಚಿ' ಎಂಬುದಕ್ಕೆ ನಿರೂಪವೆಂದೂ, 'ಜೀ' ಎಂಬುದಕ್ಕೆ ಚಿತ್ತವೆಂದೂ, 'ಯೂ' ಎಂಬುದಕ್ಕೆ ಅನುಶಾಸನವೆಂದೂ, 'ಬಿಂಗ್' ಎಂಬುದಕ್ಕೆ ಬಿನ್ನಪವೆಂದೂ ಬಳಸಬಹುದು. ಅದರಲ್ಲಿಯೂ ದೈವಚಿತ್ತ, ಪ್ರಭುಚಿತ್ತ ಎಂಬಲ್ಲಿಯ ನಮ್ಮ 'ಚಿತ್ತ' ಶಬ್ದವು, ಬಲ್ಲವರ ಇಂಗಿತವೇ ಅಪ್ಪಣೆಯೆಂಬ ಭಾವವನ್ನು ಚೀನೀ ಶಬ್ದದಷ್ಟೇ ಚೆನ್ನಾಗಿ ತರುತ್ತದೆ. ಈ ಹೆಸರುಗಳಿಗಿಂತ ಉತ್ತಮವಾದುವು ದೊರೆತರೆ ಅವನ್ನೇ ಸ್ವೀಕರಿಸೋಣ. ಒಂದು ಕೃತಿಯಲ್ಲಿ ಒಂದು ಶಬ್ದಕ್ಕೆ ಒಂದೇ ಪ್ರತಿಶಬ್ದವನ್ನು ತಪ್ಪದೆ ಉಪಯೋಗಿಸಿದರೆ, ಮಾತನಾಡುತ್ತಿರುವವನಾರು ಮಂಡಿಯೂರಿರುವವನಾರು ಎಂಬುದು ನಮ್ಮ ಓದುಗರಿಗೂ ಕಾಣುವುದು.